ಹಳೆಯ ಪೇಟೆಯ ಜನರಿಗೆ ಹೊಸ ಬಟ್ಟೆ

ಕಾಟ್ಟಿಕುಳಂನಲ್ಲಿ ಅಂಗಡಿ ಇಟ್ಟಿರುವ ನನ್ನ ತಮ್ಮನ ಮುಖ ನನಗೆ ಈಗಲೂ ಬೇಡ. ನನ್ನದು ಅವನಿಗೂ ಬೇಡ. ಇರಲಿ. ಆ ದಿನ ನೆನೆದರೆ ನನಗೆ ನಗುವೇ ಉಕ್ಕುತ್ತದೆ.

ಜಗಳ ಒಂದು ಪುಸ್ತಕದ್ದು. ನಾನು ಕಸ ಗುಡಿಸುತ್ತಿದ್ದ ತೋಟದ ಬಂಗಲೆಯನ್ನು ಮಾರುವಾಗ ಅಲ್ಲಿಯ ಯಜಮಾನಿ ನನ್ನ ಕೈಗಿಟ್ಟದ್ದು. ಯಾವುದೋ ಕಾಲದ ದೊಡ್ಡ ಪೇಟೆಯ ಜನ ಅದರ ತುಂಬ: ಚರ್ಮದ ಚೀಲದಲ್ಲಿ ನೀರು ಹೊರುವವನು, ಮೀನು ಮಾರುವವಳು, ಬೀದಿಯಲ್ಲೇ ಗಡ್ಡ ಹೆರೆಯುವವನು. ಚಿತ್ರ ಅಚ್ಚಿನದು, ಬಣ್ಣ ಮಾತ್ರ ಯಾರೋ ಕುಂಚ ಹಿಡಿದು ಒಂದೊಂದಕ್ಕೂ ಬಳಿದದ್ದು. ನಾನು ಓದಿದ್ದು ಎರಡನೆಯ ಕ್ಲಾಸು. ಅದರ ಇಂಗ್ಲಿಷು ನನಗೆ ಯಾಕೆ? ಶಾಲೆಯಲ್ಲಿ ಮಲಯಾಳ ಕಲಿಯುವ ಮೊಮ್ಮಗಳಿಗೆ ನಾನು ಕನ್ನಡ ಕಲಿಸಿದ್ದು ಆ ಜನರನ್ನು ತೋರಿಸಿಯೇ. ಓಣದ ಹಬ್ಬದ ಕೆಲಸದಲ್ಲಿ ಒಂದು ವಾರದಿಂದ ಅದನ್ನು ತೆರೆದಿರಲಿಲ್ಲ, ಅಷ್ಟೆ.

ಆಗಲೇ ತಮ್ಮ ಕಲ್ಲಿಕೋಟೆಯಿಂದ ಹಳೇ ಸಾಮಾನಿನ ವ್ಯಾಪಾರಿಯೊಬ್ಬನನ್ನು ಕರೆತಂದ. ಆತ ಕೂತವನೇ ಚೀಲದಿಂದ ಬ್ಲೇಡು ತೆಗೆದಿಟ್ಟ.

"ಇದೆಂತಕ್ಕೆ?" ಎಂದೆ.

"ಇಡೀ ಪುಸ್ತಕ ಯಾರು ತಗೊಳ್ತಾರೆ ಚೇಚೀ? ಹಾಳೆ ಹಾಳೆ ಕುಯ್ದು ಫ್ರೇಮ್ ಹಾಕಿದ್ರೆ ರೆಸಾರ್ಟಿನೋರು ಗೋಡೆಗೆ ಹಾಕ್ತಾರೆ."

ಕೋಳಿ ಕುಯ್ಯಲು ಬಂದವನ ಹಾಗಿದ್ದ. ಪುಸ್ತಕವನ್ನು ಮಡಿಲಲ್ಲಿ ಅವುಚಿಕೊಂಡೆ.

"ಮಾತು ಕೊಟ್ಟು ಕರ್ಕೊಂಡು ಬಂದೀನಿ ಅಕ್ಕ, ನನ್ನ ಮಾನ ತೆಗೀಬೇಡ," ಎಂದು ತಮ್ಮ ಅದನ್ನು ಕಿತ್ತು ಅವನ ಮುಂದಿಟ್ಟ.

"ನಿನ್ನ ಮಾನ ನಿನ್ನ ಅಂಗಡೀಲೇ ತೂಗಿ ಮಾರ್ಕೋ, ಹೋಗು!"

ವ್ಯಾಪಾರಿ ಪುಸ್ತಕ ತೆರೆದ. ಕೈ ಅಲ್ಲೇ ನಿಂತಿತು. ನೀರಿನವನ ಪಂಚೆ ಪಚ್ಚೆ ಹಸಿರು. ಮೀನಿನವಳ ಸೀರೆ ಕಡುಗುಲಾಬಿ, ಅದಕ್ಕೆ ನೀಲಿ ಅಂಚು. ಮಗುಚಿದ ಹಾಳೆಯಲ್ಲೆಲ್ಲ ಸ್ಕೆಚ್ ಪೆನ್ನು!

"ಯಾರು ಇದು ಮಾಡಿದ್ದು?" ಎಂದು ಕೂಗಿದ.

ಏಳು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ನಾನು. ಎಲ್ಲರ ಬಟ್ಟೆ ಮಾಸಿತ್ತು ಅಜ್ಜೀ. ಓಣ ಬಂತಲ್ಲ, ಹೊಸದು ಉಡಿಸ್ದೆ."

ಬೇರೆ ದಿನವಾಗಿದ್ದರೆ ಎರಡು ಬಿಗಿಯುತ್ತಿದ್ದೆ. ಓಣಕ್ಕೆ ನಾವು ಹೊಸ ಬಟ್ಟೆ ಕೊಡುವುದು ಮನೆಯವರಿಗೆ. ಆ ಪೇಟೆಯವರೆಲ್ಲ ಅವಳಿಗೆ ಮನೆಯವರೇ ಆಗಿಬಿಟ್ಟಿದ್ದರು. ನನ್ನ ಬಂಗಾರ!

"ಹಾಳಾಯ್ತು! ಇನ್ನು ರದ್ದಿಗೂ ಬೇಡ! ಕೈಯಲ್ಲಿ ಬಳಿದ ಬಣ್ಣ ಅದು, ಗೊತ್ತಾ?" ವ್ಯಾಪಾರಿ ಬ್ಲೇಡನ್ನು ಚೀಲಕ್ಕೆ ಎಸೆದ.

"ಇವಳೇನು ಕಾಲಲ್ಲಿ ಬಳಿದಳಾ?" ಎಂದೆ.

ತಮ್ಮ ಹಲ್ಲು ಕಡಿದ. "ಬೇಕಂತ್ಲೇ ಮಾಡ್ಸಿದ್ದೀಯ."

"ಅಷ್ಟು ಬುದ್ಧಿ ಇದ್ದಿದ್ರೆ ನಿನ್ನ ಒಳಗೇ ಬಿಡ್ತಿರ್ಲಿಲ್ಲ."

ಚಹಾ ಕೊಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಬಸ್ಸಿಗೆ ನಡೆದರು. ಕೊನೆಯ ಹಾಳೆಯಲ್ಲಿ ಬುಟ್ಟಿ ಹೆಣೆಯುವ ಮುದುಕಿಗೆ ಮಾತ್ರ ಹಳೆಯ ಸೀರೆಯೇ ಇತ್ತು.

"ಇವಳಿಗೆ ಯಾಕಿಲ್ಲ ಮೋಳೇ?" ಎಂದು ಮೊಮ್ಮಗಳನ್ನು ಕೇಳಿದೆ.

"ಪೆನ್ನು ತೀರಿತು ಅಜ್ಜೀ."

ಮರುದಿನವೇ ಕಾಟ್ಟಿಕುಳಂಗೆ ಹೋದೆ. ತಮ್ಮನ ಅಂಗಡಿಗೆ ಎದುರಿರುವ ಅಂಗಡಿಯಲ್ಲಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ನಿಂತು, ಇದ್ದುದರಲ್ಲೇ ದೊಡ್ಡ ಸ್ಕೆಚ್ ಪೆನ್ನಿನ ಪೆಟ್ಟಿಗೆ ಕೊಂಡೆ.