ಇಲ್ಲದ ಗಂಡನ ಕುರ್ಚಿ

ನಾನು ಸಿರುಗುಪ್ಪದಲ್ಲಿ ಬಟ್ಟೆ ಹೊಲಿಯುವವಳು. ಮದುವೆಯಾಗಿಲ್ಲ. ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಅಹವಾಲು ಕೇಳಲು ಬಳ್ಳಾರಿಯಲ್ಲೊಂದು ಸಮಿತಿ ಮಾಡಿದಾಗ ನಮ್ಮೂರಿಂದ ನನ್ನ ಹೆಸರು ಹೋಯಿತು. ಮೊದಲ ಸಭೆಗೆ ಹೋದರೆ, ಪ್ರತಿ ಸದಸ್ಯೆಗೂ ಎರಡೆರಡು ಕುರ್ಚಿ ಹಾಕಿದ್ದರು. ಒಂದರ ಬೆನ್ನಿಗೆ ‘ಸದಸ್ಯೆ’ ಎಂಬ ಚೀಟಿ, ಇನ್ನೊಂದಕ್ಕೆ ‘ಸದಸ್ಯೆಯ ಪತಿ’.

ಹಾಜರಿ ಪುಸ್ತಕ ಹಿಡಿದ ಗುಮಾಸ್ತರು ನನ್ನ ಬೆನ್ನ ಹಿಂದೆ ಇಣುಕಿದರು. “ನಿಮ್ಮ ಯಜಮಾನ್ರು ಎಲ್ಲಿ ಅದಾರ್ರಿ?”

“ಇಲ್ರಿ.”

“ಗಾಡಿ ನಿಲ್ಸಾಕ ಹೋಗ್ಯಾರೇನು?”

“ನಂದು ಲಗ್ನಾನ ಆಗಿಲ್ರಿ.”

ಅವರು ತುಸು ಯೋಚಿಸಿದರು. “ಇರ್ಲಿ ಬಿಡ್ರಿ, ಬಂದ್ಮ್ಯಾಲೆ ಸಹಿ ಮಾಡ್ಲಿ.” ಆ ಖಾಲಿ ಕುರ್ಚಿಯ ಮುಂದೆಯೂ ಚಹಾ, ಎರಡು ಮಿರ್ಚಿ ಭಜಿ ಇಡಿಸಿದರು.

ಕುರುಗೋಡಿನಿಂದ ಬಂದ ಸದಸ್ಯೆ ಕ್ರೈಸ್ತರು, ಶಾಲೆಯ ಟೀಚರಮ್ಮ. ಅವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಗಂಡ, “ನಮ್ಮ ಮನ್ಯಾಗಿನವ್ರ ಅಭಿಪ್ರಾಯ ಏನಂದ್ರ...” ಎಂದು ಶುರು ಮಾಡಿದರು. ತಮ್ಮ ಅಭಿಪ್ರಾಯ ಏನಿರಬಹುದೆಂದು ಆಕೆಯೂ ಕುತೂಹಲದಿಂದ ಕೇಳುತ್ತಿದ್ದರು.

ನನ್ನ ಸರದಿ ಬಂತು. ಹೈಸ್ಕೂಲಿಗೆ ಹೋಗುವ ಬಸ್ಸು ನಮ್ಮ ಓಣಿಯ ಹತ್ತಿರ ನಿಲ್ಲುವುದಿಲ್ಲ, ಅದಕ್ಕೇ ಮೂವರು ಹುಡುಗಿಯರು ಶಾಲೆ ಬಿಟ್ಟಿದ್ದಾರೆ ಎಂದೆ. ಗುಮಾಸ್ತರ ಪೆನ್ನು ಅಲುಗಲಿಲ್ಲ.

“ಬರ್ಕೊಳ್ರಿ ಸರ.”

“ಆ ಕುರ್ಚಿ ಖಾಲಿ ಐತಲ್ರಿ. ಅಲ್ಲಿಂದ ಬಂದಿದ್ದನ್ನ ಬರಿಯೂದು ನಾವು.”

ಸಿಟ್ಟು ನೆತ್ತಿಗೇರಿತು. ಎದ್ದು ಗಂಡನ ಕುರ್ಚಿಯಲ್ಲಿ ಕುಳಿತು ಅದೇ ಮಾತನ್ನು ಮೊದಲಿಂದ ಹೇಳಿದೆ. ಪೆನ್ನು ಸರಸರ ಓಡಿತು. ಅಧ್ಯಕ್ಷರು, “ಯೋಗ್ಯ ಸಲಹೆ” ಎಂದು ತಲೆದೂಗಿದರು.

ಟೀಚರಮ್ಮ ಇದನ್ನು ನೋಡಿದವರೇ ಗಂಡನ ತೋಳು ಮುಟ್ಟಿ, “ತುಸು ಏಳ್ರಿ” ಎಂದು ಅವರ ಕುರ್ಚಿಯಲ್ಲಿ ತಾವು ಕುಳಿತರು. ಎದ್ದ ಆ ಮನುಷ್ಯನಿಗೆ ‘ಸದಸ್ಯೆ’ ಚೀಟಿಯ ಕುರ್ಚಿಯಲ್ಲಿ ಕೂರಲು ನಾಚಿಕೆ. ಸಭೆ ಮುಗಿಯುವವರೆಗೆ ಗೋಡೆಗಾತು ನಿಂತರು.

ಸಭೆಯ ನಡಾವಳಿ ಅಂಚೆಯಲ್ಲಿ ಬಂತು: ‘ಸಿರುಗುಪ್ಪ ಸದಸ್ಯೆಯ ಪತಿಯವರು ಬಸ್ ನಿಲುಗಡೆ ಕೋರಿದರು.’ ಓದಿಸಿಕೊಂಡ ಅಮ್ಮಿ ಹೌಹಾರಿದಳು. “ನಿಕಾ ಯಾವಾಗ ಆತಲೇ? ಸರ್ಕಾರಕ್ಕ ಗೊತ್ತೈತಿ, ಹಡದಾಕಿಗೆ ಗೊತ್ತಿಲ್ಲ!”

ಮರುದಿನವೇ ಬಳ್ಳಾರಿಗೆ ಹೋಗಿ, ತಿದ್ದುವವರೆಗೆ ಏಳುವುದಿಲ್ಲವೆಂದು ಕುಳಿತೆ. ಬರೆದದ್ದನ್ನು ಹೊಡೆದುಹಾಕುವಂತಿಲ್ಲವಂತೆ. ಸಂಜೆಯ ಹೊತ್ತಿಗೆ ಗುಮಾಸ್ತರು ಅಂಚಿನಲ್ಲಿ ಸೇರಿಸಿದರು: ‘ಪತಿ ಎಂದಿರುವಲ್ಲಿ ಸದಸ್ಯೆ ಎಂದು ಓದಿಕೊಳ್ಳತಕ್ಕದ್ದು.’

ಬಸ್ಸು ಈಗ ನಿಲ್ಲುತ್ತದೆ. ಇಬ್ಬರು ಹುಡುಗಿಯರು ಮತ್ತೆ ಶಾಲೆಗೆ ಹೋಗುತ್ತಿದ್ದಾರೆ. ಮೂರನೆಯವಳು ಅಷ್ಟರಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹತ್ತಿದ್ದಳು. ಟೀಚರಮ್ಮನೂ ನಾನೂ ಅವಳ ಅಬ್ಬಾನ ಹತ್ತಿರ ಎರಡು ಸಲ ಮಾತಾಡಿ ಬಂದೆವು. ಇನ್ನೂ ಒಪ್ಪಿಲ್ಲ.