ಮಾವನವರ ಫೋಟೋದ ಗಾಜು

ನನ್ನ ಗಂಡ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಎಂಬತ್ತರ ದಶಕದಲ್ಲಿ ಉಳಿದ ಮಾಸ್ತರರೆಲ್ಲ ಟಿವಿ ಕೊಳ್ಳುತ್ತಿದ್ದರೆ, ಇವರು ಹುಬ್ಬಳ್ಳಿಯ ಗುಜರಿಯಿಂದ ನೂರು ವರ್ಷ ಹಳೆಯ ಕಟ್ಟಿಗೆಯ ಕ್ಯಾಮೆರಾ ಹೊತ್ತು ತಂದರು. ಹಿತ್ತಾಳೆಯ ಲೆನ್ಸು, ಚರ್ಮದ ತಿದಿ, ಒಳಗೆ ಜೇಡರ ಸಂಸಾರ. ಅಂಗಳದಲ್ಲೇ ಇಡಿ ಅಂದೆ. ಪಡಸಾಲೆಯಲ್ಲಿಟ್ಟರು.

ಅದು ಗಾಜಿನ ಮೇಲೆ ಫೋಟೋ ತೆಗೆಯುತ್ತಿದ್ದ ಕಾಲದ್ದು. ಅಂಥ ಮದ್ದು ಹಚ್ಚಿದ ಗಾಜು ಆಗಲೇ ಸಿಗುತ್ತಿರಲಿಲ್ಲ. ಇವರು ಗದಗಿನ ಮುದ್ರಣಾಲಯವೊಂದರಿಂದ ಶೀಟ್ ಫಿಲ್ಮ್ ತಂದು ಅಳತೆಗೆ ಕತ್ತರಿಸಿದರು. ಗಾಜಿಗೆಂದು ಮಾಡಿದ ಚೌಕಟ್ಟಿನಲ್ಲಿ ತೆಳ್ಳನೆಯ ಫಿಲ್ಮ್ ನೆಟ್ಟಗೆ ನಿಲ್ಲಬೇಕಲ್ಲ? ಅದು ಬಾಗಿ, ನನ್ನ ಫೋಟೋದಲ್ಲಿ ಮೂಗೊಂದೇ ಸ್ಪಷ್ಟವಾಗಿ ಬಂತು. ಹಿಂದೆ ರಟ್ಟು ಕೊಟ್ಟರು, ರಟ್ಟೂ ಸೊಟ್ಟಗಾಯಿತು. ಪೇಟೆಯ ಗಾಜು ದಪ್ಪ, ಒಳಗೆ ಹೋಗಲೇ ಇಲ್ಲ. ತೆಳ್ಳನೆಯ ಹಳೇ ಗಾಜು ಬೇಕು ಎನ್ನುತ್ತ ಊಟಕ್ಕೆ ಕೂತಾಗಲೂ ಗೋಡೆ ನೋಡುತ್ತಿದ್ದರು. ಗೋಡೆಯನ್ನೇಕೆ ನೋಡುತ್ತಾರೆಂದು ನನಗೆ ಹೊಳೆಯಲಿಲ್ಲ.

ಗೋಡೆಯ ಮೇಲೆ ಮಾವನವರ ಫೋಟೋ ಇತ್ತು. ಇವರು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ ಮಾವನವರದು ಅದೊಂದೇ ಫೋಟೋ. ಅತ್ತೆ ಸೋಮವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಅದರ ಗಾಜು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತಿದ್ದರು. ಕೈ ತನ್ನ ಪಾಡಿಗೆ ಒರೆಸುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು.

ಒಂದು ಸೋಮವಾರ ಅತ್ತೆ ಕೂಗಿದ್ದು ಕೇಳಿ ಓಡಿಬಂದೆ. ಫೋಟೋಕ್ಕೆ ಗಾಜೇ ಇರಲಿಲ್ಲ. ಅದು ಕ್ಯಾಮೆರಾದೊಳಗೆ ಫಿಲ್ಮಿನ ಬೆನ್ನಿಗೆ ಕೂತಿತ್ತು. ಅತ್ತೆಯ ಬಟ್ಟೆಗೆ ಕರಿ ಬಣ್ಣ ಹತ್ತಿತ್ತು, ಮಾವನವರ ಹುರಿಮೀಸೆ ಮಾಯವಾಗಿತ್ತು. ಆ ಮೀಸೆ ನೋಡಿಯೇ ನನ್ನ ಗಂಡನೂ ಮೀಸೆ ಬೆಳೆಸಿದ್ದು. ಈಗ ಬಾಗಿಲಲ್ಲಿ ನಿಂತು ಬೆವರುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ತಾಯಿಗೆ ಇದ್ದದ್ದೇ ಒಂದು ಫೋಟೋ, ಅದನ್ನೂ ಕೆಡಿಸಿದಿರಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಮೀಸೆ ಮತ್ತೆ ಬರೆದುಕೊಡುತ್ತೇನೆಂದು ಅವರು ಮಸಿ, ಕುಂಚ ತಂದರು.

ಅತ್ತೆ ಮಾತ್ರ ಫೋಟೋ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ನೋಡುತ್ತ ನೋಡುತ್ತ ನಗತೊಡಗಿದರು.

"ಇವರಿಗೆ ಮೀಸಿ ಎಲ್ಲಿತ್ತು? ಇನ್ನೂ ಚಿಗುರಿದ್ದಿಲ್ಲ. ಫೋಟೋದಾವಗ ಹೇಳಿ ಬರಿಸಿಕೊಂಡಿದ್ರು. ಇಷ್ಟ ದಿನ ಯಾರೋ ಫೌಜದಾರಗ ಪೂಜಿ ಮಾಡಿದಂಗ ಆಗಿತ್ತವಾ ನನಗ."

ಕುಂಚ ಒಳಗಿಡಿಸಿದರು. ಗಂಡನ ಜೊತೆ ಕೂತು ಫೋಟೋ ತೆಗೆಸಿಕೊಂಡಿರಲೇ ಇಲ್ಲವಂತೆ, ಈಗ ತೆಗೆ ಎಂದು ಮಗನಿಗೆ ಅಪ್ಪಣೆಯಾಯಿತು. ಇಳಕಲ್ ಸೀರೆಯುಟ್ಟು, ಮಾವನವರನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತರು. ಅಲುಗಾಡಬೇಡ, ಲೆನ್ಸನ್ನೇ ನೋಡು ಎಂದು ಇವರು ಕರಿ ಬಟ್ಟೆಯೊಳಗಿಂದ ಹೇಳಿದ್ದೇ ಹೇಳಿದ್ದು. ಕೊನೆಗೆ ಹೊರಬಂದು ಲೆನ್ಸಿನ ಮುಚ್ಚಳ ತೆಗೆದರು. ಒಂದು ಗಳಿಗೆ ಸುಮ್ಮನಿರದ ಅತ್ತೆ ಕಲ್ಲಿನಂತೆ ಕೂತಿದ್ದರು. ನನಗ್ಯಾಕೋ ಅಳು ಬಂತು.

ಫೋಟೋ ಸ್ವಚ್ಛ ಬಂತು, ಸೀರೆಯ ದಡಿಯ ಎಳೆ ಎಳೆಯೂ ಕಾಣುತ್ತಿತ್ತು. ಆದರೆ ಅತ್ತೆಯ ಕಣ್ಣು ಕೆಳಗೆ, ತೊಡೆಯ ಮೇಲಿತ್ತು. ಅಷ್ಟು ಹೇಳಿದರೂ ಲೆನ್ಸು ನೋಡಲಿಲ್ಲವಲ್ಲ ಎಂದು ಇವರು ಗೊಣಗಿದರು.

"ನಿನ್ನ ಡಬ್ಬಿ ಏನ್ ನೋಡೂದೈತಿ ಬಿಡೋ," ಎಂದರು ಅತ್ತೆ. "ಇವರನ್ನ ನೋಡಿ ಎಷ್ಟ ವರ್ಷ ಆಗಿತ್ತು."