ಕಾಗದದಲ್ಲಿ ಗಟ್ಟಿಯಿದ್ದ ಫಕೀರಪ್ಪ

ಫಕೀರಪ್ಪನ ಮೈಮೇಲೆ ಹನ್ನೊಂದು ಬರೆಗಳಿದ್ದವು. ಮೊಣಕಾಲಿಗೆ ನಾಲ್ಕು, ಮೊಣಕೈಗೆ ನಾಲ್ಕು, ಹೊಟ್ಟೆಗೆ ಮೂರು. ಪಿಂಚಣಿ ಸಿಪಾಯಿ ತನ್ನ ಬಿಲ್ಲೆಗಳನ್ನು ತೋರಿಸುವ ಹಾಗೆ ಅವನು ಧೋತರ ಎತ್ತಿ, ಅಂಗಿ ಸರಿಸಿ ಅವನ್ನು ತೋರಿಸುತ್ತಿದ್ದ. ನಾನು ಆಗ ದಾಂಡೇಲಿಯಲ್ಲಿ ಒಂದು ಕಾರ್ಖಾನೆಯ ದವಾಖಾನೆಯ ಕಂಪೌಂಡರ. ವಾರಕ್ಕೊಮ್ಮೆಯಾದರೂ ಈ ಪ್ರದರ್ಶನ ನನ್ನೆದುರು ನಡೆಯಲೇಬೇಕು.

"ಒಂಬತ್ತು ವರ್ಷದಾಂವ ಇದ್ನಿರಿ. ಕೀಲಿಗೆ ಕೀಲು ಬಾತು, ಜ್ವರ ಬಂದು, ಎದ್ದು ಅಡ್ಡಾಡಾಕ ಬರಲಿಲ್ಲ. ನಮ್ಮ ಮುತ್ಯಾ ಕುಡಗೋಲು ಕಾಸಿ ಚುರ್ ಅನಿಸಿದ ನೋಡ್ರಿ, ಬ್ಯಾನಿ ಓಡಿ ಹೋತು! ನಿಮ್ಮ ಕೆಂಪು ನೀರು ಆರು ತಿಂಗಳು ಕುಡದ್ರೂ ಹಿಂಗ ಆಗೂದಿಲ್ಲ."

ಕೆಂಪು ನೀರು ಎಂದರೆ ನಾನು ಬಾಟಲಿಗೆ ತುಂಬಿ ಕೊಡುತ್ತಿದ್ದ ಔಷಧ. ನನಗೆ ಸಿಟ್ಟು ಬರುತ್ತಿರಲಿಲ್ಲ. ಅದರ ಯೋಗ್ಯತೆ ನನಗೂ ಗೊತ್ತಿತ್ತು.

ಅವನು ಮುಂಡಗೋಡದ ಚಿಗಳ್ಳಿ ಕಡೆಯವನು. ಬಿದಿರಿನ ರಾಶಿಯಲ್ಲಿ ಗಳ ಹೊರುವ ಕೆಲಸ. ವಯಸ್ಸು ಮೂವತ್ತು ದಾಟಿರಬೇಕು, ನೋಡಿದವರು ಐವತ್ತು ಅನ್ನುತ್ತಿದ್ದರು. ದವಾಖಾನೆಗೆ ಬಂದರೆ ಬೇರೆಯವರನ್ನು ಕರೆದುಕೊಂಡು ಬರುತ್ತಿದ್ದನೇ ಹೊರತು ತನಗೆಂದು ಒಂದು ಗುಳಿಗೆ ಕೇಳಿದವನಲ್ಲ. "ಜಡ್ಡು ಅನ್ನೂದು ಕುಂತು ಉಣ್ಣಾವ್ರಿಗೆ ಬರೂದ್ರಿ. ನಮಗೆಲ್ಲಿ ಪುರಸೊತ್ತು ಐತಿ?" ಅನ್ನುತ್ತಿದ್ದ.

ಅವನು ಊಟ ಮಾಡುವುದನ್ನು ನೋಡಬೇಕು. ಪಕ್ಕದವನು ಬುತ್ತಿಯ ಗಂಟು ಬಿಚ್ಚುವುದರೊಳಗೆ ಇವನ ಎರಡು ರೊಟ್ಟಿ ಮಾಯ. ಎಡಗೈ ಮಾತ್ರ ಗಂಗಾಳದ ಸುತ್ತ ಬೇಲಿ ಹಾಕಿದಂತೆ ಇರುತ್ತಿತ್ತು. ಯಾರು ಕಸಿದುಕೊಳ್ಳುತ್ತಾರೋ ಮಾರಾಯ ಎಂದು ಒಮ್ಮೆ ನಕ್ಕೆ. ಅವನೂ ನಕ್ಕ. "ಆರು ಮಂದಿ, ಒಂದ ಗಡಿಗಿ. ನಿಧಾನ ಉಂಡ್ರ ಉಂಡಂಗ ಆಗತಿದ್ದಿಲ್ರಿ, ನೋಡಿದಂಗ ಆಗತಿತ್ತು." ಆ ಆರು ಮಂದಿ ಮಕ್ಕಳೂ ಮಳೆಗಾಲವಿಡೀ ಒಂದೇ ಕೌದಿಯೊಳಗೆ ಮಲಗುತ್ತಿದ್ದರಂತೆ. ಒಬ್ಬನಿಗೆ ಗಂಟಲು ನೋವು ಬಂದರೆ ನಸುಕಿನೊಳಗೆ ಎಲ್ಲರಿಗೂ ಪಾಲು. ಹಂಚಿಕೊಳ್ಳುವುದಕ್ಕೆ ಆ ಮನೆಯಲ್ಲಿ ಅದೊಂದು ಬೇಕಾದಷ್ಟಿತ್ತು.

ಕಾಳು ಮುಗಿದ ಒಂದು ವರ್ಷ ತಾಯಿ ಅವನ ತಮ್ಮ ಯಲ್ಲಪ್ಪನನ್ನು ತೇರಗಾಂವದ ಸೋದರತ್ತೆಯ ಮನೆಗೆ ಕೊಟ್ಟುಬಿಟ್ಟಳು. ಅಲ್ಲಿ ಎರಡು ಎಮ್ಮೆ, ಮಕ್ಕಳಿಲ್ಲ. ಫಕೀರಪ್ಪ ಅವನ ಮಾತು ಬಂದಾಗಲೆಲ್ಲ "ಪಾಪ, ತಾಯಿ ಬಿಟ್ಟು ಬೆಳದಾನ್ರಿ" ಎಂದು ಮರುಗುತ್ತಿದ್ದ. ತಾನು ಮಾತ್ರ ಭಾಗ್ಯವಂತ, ತಾಯಿಯ ಹತ್ತಿರವೇ ಹಸಿದಿದ್ದವನು!

ಹೀಗೇ ಹೋಗುತ್ತಿತ್ತು. ಆದರೆ ಒಂದು ದಿನ ಅವನನ್ನೇ ನಾಲ್ಕು ಜನ ಹೊತ್ತು ತಂದರು. ಗಳದ ರಾಶಿ ಹತ್ತುವಾಗ ಉಸಿರು ಕಟ್ಟಿ ಬಿದ್ದಿದ್ದ, ಉಗುಳಿನಲ್ಲಿ ನಸುಗೆಂಪು ಬಣ್ಣ. ಡಾಕ್ಟರು ಎದೆಗೆ ನಳಿಗೆ ಹಚ್ಚಿ ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಮದ್ದು ಚುಚ್ಚಿ, ಅವನು ಸುಧಾರಿಸಿಕೊಂಡ ಮೇಲೆ ಅವನ ಕಾರ್ಡು ತರಿಸಿದರು. ಕೆಲಸ ಕಾಯಂ ಆಗುವ ಮುಂಚೆ ಎಲ್ಲರ ಮೈ ತಪಾಸಣೆ ಮಾಡಿ ಬರೆದಿಟ್ಟ ಕಾರ್ಡು ಅದು. ಅಕ್ಷರ ನನ್ನದೇ. ಎತ್ತರ ಐದು ಅಡಿ ಎಂಟು ಇಂಚು. ಎದೆಬಡಿತ ಸರಿ. ಮೈಮೇಲೆ ಗಾಯದ ಕಲೆಗಳಿಲ್ಲ. ಎಡ ಭುಜದ ಮೇಲೆ ಮಚ್ಚೆ.

ಡಾಕ್ಟರು ಕಾರ್ಡು ನೋಡಿದರು, ಮಂಚದ ಮೇಲಿನ ಮೋಟು ಮನುಷ್ಯನನ್ನು ನೋಡಿದರು.

"ಏನೋ ಫಕೀರಪ್ಪ, ಮೂರು ವರ್ಷದಾಗ ಅರ್ಧ ಅಡಿ ಕಡಿಮಿ ಆಗಿಯಲ್ಲೋ?"

"ಗಳಾ ಹೊತ್ತು ಹೊತ್ತು ಕುಗ್ಗೇನ್ರಿ ಸಾಹೇಬ್ರ."

"ಮಚ್ಚಿ ಎಲ್ಲೈತಿ?"

"ಮೈ ತೊಳಕೊಳ್ಳೂ ಮುಂದ ಹೋಗಿರಬೇಕ್ರಿ."

ನನಗೆ ನಗು ಬಂತು, ಮರುಗಳಿಗೆ ಕಾರ್ಡಿನ ಮೇಲಿನ ನನ್ನ ಅಕ್ಷರ ಕಂಡು ನಗು ನಿಂತಿತು. ಆ ತಪಾಸಣೆಯ ದಿನ ನೆನಪಾಯಿತು. ಎತ್ತರದ ಆಳೊಬ್ಬ, ಹೆಸರು ಕೇಳಿದರೆ ಒಂದು ಗಳಿಗೆ ಬಾಗಿಲ ಕಡೆ ನೋಡಿ ಆಮೇಲೆ ಹೇಳಿದ್ದ. ಸ್ವಂತ ಹೆಸರು ಹೇಳಲು ಇಷ್ಟು ಹೊತ್ತೇ ಅನ್ನಿಸಿತ್ತು. ಆದರೆ ಸಾಲಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದರು, ನನ್ನ ಚಹಾ ಆರುತ್ತಿತ್ತು. ಬರೆದುಕೊಂಡೆ.

ಅವತ್ತು ಬಂದವನು ತಮ್ಮ ಯಲ್ಲಪ್ಪ ಎಂದು ಫಕೀರಪ್ಪ ಬಾಯಿಬಿಟ್ಟ. ಬರೆ ಇದ್ದವರನ್ನು ಡಾಕ್ಟರು ಹೊರಗೆ ಹಾಕುತ್ತಾರೆ ಎಂದು ಯಾರೋ ಫಕೀರಪ್ಪನಿಗೆ ಹೇಳಿದ್ದರು. ಎದೆಯೊಳಗೆ ಏನಿದೆಯೋ ಅವನಿಗೆ ಗೊತ್ತಿರಲಿಲ್ಲ, ಚರ್ಮದ ಮೇಲಿನದಕ್ಕೆ ಹೆದರಿ ಎಮ್ಮೆಯ ಹಾಲು ಕುಡಿದ ತಮ್ಮನನ್ನು ಕಳಿಸಿದ್ದ. ಡಾಕ್ಟರು ನನಗೆ ತಿಳಿಸಿ ಹೇಳಿದರು: ಸಣ್ಣಂದಿನ ಆ ಕೀಲುಜ್ವರ ಗಂಟಲಿನಿಂದ ಶುರುವಾಗುವಂಥದು. ಹೊಟ್ಟೆಗಿಲ್ಲದ, ಒತ್ತಾಗಿ ಮಲಗುವ ಮಕ್ಕಳೇ ಅದಕ್ಕೆ ಬೇಕು. ಅದು ಮೊಣಕಾಲು ಬಿಟ್ಟು ಹೋದದ್ದು ನಿಜ, ಹೋಗುವಾಗ ಎದೆಯ ಕವಾಟ ಕೆಡಿಸಿ ಹೋಗಿತ್ತು. ಬೇನೆ ಓಡಿಹೋಯಿತೆಂದು ಊರೆಲ್ಲ ಹಿಗ್ಗಿದ್ದರು, ಎಲ್ಲಿಗೆ ಓಡಿತೆಂದು ಒಬ್ಬರೂ ಕೇಳಿರಲಿಲ್ಲ.

"ಮನ್ಯಾಗ ಮಕ್ಕಳಿಗೆ ಯಾರಿಗರ ಹಿಂಗ ಕೀಲು ಬಾತಾವೇನು?" ಎಂದು ಡಾಕ್ಟರು ಕೇಳಿದರು.

"ಸಣ್ಣಾಕಿ ನೀಲವ್ವಗ ಎಂಟು ದಿನಾತ್ರಿ. ನಾಳೆ ಊರಿಗೆ ಒಯ್ದು ಬರಿ ಹಾಕಸ್ತೇನಿ."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಬರೀನೂ ಬ್ಯಾಡ, ಗಿರೀನೂ ಬ್ಯಾಡ! ಈಗಿಂದೀಗ ಆಕೀನ್ನ ಇಲ್ಲಿ ಕರಸು!"

ನೀಲವ್ವ ಆರು ವರ್ಷದ ಹುಡುಗಿ. ಪುಣ್ಯಕ್ಕೆ ಎದೆಗೆ ಇನ್ನೂ ತಾಗಿರಲಿಲ್ಲ. ತಿಂಗಳಿಗೊಂದು ಪೆನಿಸಿಲಿನ್ ಸೂಜಿ, ದೊಡ್ಡವಳಾಗುವ ತನಕ, ತಪ್ಪಿಸುವ ಹಾಗಿಲ್ಲ. ಕೆಲಸಗಾರರ ಮಕ್ಕಳಿಗೆ ನಮ್ಮಲ್ಲಿ ಅದು ಪುಕ್ಕಟೆ.

ಫಕೀರಪ್ಪನಿಗೆ ಕುಳಿತು ಮಾಡುವ ಕೆಲಸ ಕೊಡಿಸಬಹುದಿತ್ತು. ಅದಕ್ಕೆ ಹೊಸ ತಪಾಸಣೆ ಆಗಬೇಕು, ಆಯಿತೆಂದರೆ ಹಳೆಯ ಕಾರ್ಡು ಸುಳ್ಳೆಂದು ಬಯಲಾಗಿ ಕೆಲಸವೇ ಹೋಗುತ್ತದೆ. ನಾನೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ.

"ಸುಮ್ನಿರ್ರಿ ಕಂಪೌಂಡರ ಸಾಹೇಬ್ರ. ಕೆಲಸಾ ಹೋದ್ರ ಆಕಿ ಸೂಜಿ ಹೋಗ್ತೈತಿ. ಕಾಗದದಾಗ ನಾ ಗಟ್ಟಿ ಅದೇನಿ, ಹಂಗ ಇರಲಿ ಬಿಡ್ರಿ."

ಡಾಕ್ಟರು ಬಾಯಿಮಾತಿನಲ್ಲಿ ಹೇಳಿ ಅವನನ್ನು ಹೊರೆ ಕಟ್ಟುವ ಕೆಲಸಕ್ಕೆ ಹಾಕಿಸಿದರು. ಎರಡು ತಿಂಗಳಲ್ಲಿ ಆಳುಗಳ ಮೇಲಿನ ಮುಕಾದಮ ಬದಲಾದ, ಹೊಸಬ ಡಾಕ್ಟರ ಚೀಟಿ ಕೇಳಿದ. ಚೀಟಿ ಕೊಡುವ ಹಾಗಿರಲಿಲ್ಲ. ಫಕೀರಪ್ಪ ಮತ್ತೆ ಗಳ ಹೊತ್ತ.

ನಾನು ಅವನನ್ನು ಕೊನೆಗೆ ನೋಡಿದ್ದು ಮಳೆ ಹಿಡಿಯುವ ಮುಂಚೆ, ನೀಲವ್ವನ ಸೂಜಿಯ ದಿನ. ದವಾಖಾನೆಯ ನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಂತ. "ಮೊದ್ಲ ಆಕಿದು ನೋಡ್ರಿ" ಎಂದು ಮಗಳನ್ನು ಮುಂದೆ ದಬ್ಬಿದ. ಎದೆ ಚೊಕ್ಕ ಇದೆ ಎಂದರು ಡಾಕ್ಟರು. ಅವನಿಗೆ ತಾನೂ ಕೇಳಬೇಕೆಂಬ ಆಸೆ. ನಳಿಗೆಯನ್ನು ಅವನ ಕಿವಿಗೆ ಸಿಕ್ಕಿಸಿದೆ. ಮಗಳ ಎದೆಬಡಿತ ಕೇಳಿ ಅವನ ಮುಖವೆಲ್ಲ ಅರಳಿತು. ನಾನು ತೆಗೆಯುವುದರೊಳಗೆ ಅದನ್ನು ತನ್ನ ಎದೆಗೆ ಹಚ್ಚಿಕೊಂಡ. ಕಣ್ಣು ಮುಚ್ಚಿ ಆಲಿಸಿದ.

"ಇದರಾಗ ಯಾರೋ ಜಗಳಾ ಮಾಡಾಕತ್ತಾರಲ್ರಿ."

ಅವನು ನಳಿಗೆ ತೆಗೆದು ಮೇಜಿನ ಮೇಲಿಟ್ಟ. "ಆಕೀಗೆ ಇನ್ನೂ ಎಷ್ಟು ವರ್ಷ ಚುಚ್ಚಬೇಕ್ರಿ?"

"ಎಂಟೊಂಬತ್ತು ವರ್ಷ ಬೇಕೋ" ಎಂದರು ಡಾಕ್ಟರು.

"ಅಲ್ಲೀತನಕಾ ನಾ ಇರಬೇಕಲ್ರಿ ಹಂಗಾರ."

ಇರಲಿಲ್ಲ. ಹದಿನೈದು ದಿನಕ್ಕೆ ಬಿದಿರಿನ ರಾಶಿಯ ಬುಡದಲ್ಲಿ ಬಿದ್ದ, ಏಳಲಿಲ್ಲ. ಅವತ್ತು ನಾನು ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಮುಂದಿನ ತಿಂಗಳು ಅವನ ಹೆಂಡತಿ ನೀಲವ್ವನ ಕೈ ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಇನ್ನ ನಮಗ ಇಲ್ಲಿ ಹಕ್ಕಿಲ್ಲೇನ್ರಿ?" ಎಂದಳು. ಡಾಕ್ಟರು ನನ್ನತ್ತ ನೋಡಿ, ಸೂಜಿ ಕುದಿಯಲಿಡಲು ಒಳಗೆ ಹೋದರು. ನಾನು ಪುಸ್ತಕ ತೆರೆದೆ. ರೋಗಿ, ನೀಲವ್ವ. ತಂದೆ, ಫಕೀರಪ್ಪ. ಕೆಲಸ, ಗಳದ ವಿಭಾಗ, ಕಾಯಂ. ಕರೆತಂದವರು ಎಂಬಲ್ಲಿ, ತಂದೆ. ಮೊದಲಿನ ಸುಳ್ಳು ನನ್ನ ಸೋಮಾರಿತನದಿಂದ ಆದದ್ದು, ಇದನ್ನು ಮಾತ್ರ ದುಂಡಗೆ ಬರೆದೆ. ಆ ಪುಸ್ತಕದ ಪ್ರಕಾರ ಫಕೀರಪ್ಪ ಮುಂದೆ ಎಂಟು ವರ್ಷ, ಒಂದು ತಿಂಗಳೂ ತಪ್ಪಿಸದೆ, ಮಗಳನ್ನು ಕರೆದುಕೊಂಡು ಬಂದ.